ಅಜಿಗಸಾವದಲ್ಲಿ ಆಗಬೇಕಿದ್ದ ಕುಸ್ತಿ

ಅಕಾಹೊರಿಯ ಅಂಗೈ ಎದೆಗೆ ಬಿದ್ದ ಸದ್ದಿಗೆ ಚಹಾ ಕುಡಿಯುತ್ತ ಕೂತಿದ್ದ ಮುದುಕಿಯರೆಲ್ಲ ತಲೆ ಎತ್ತಿದರು. ಮಿಕಾಮಿ ತೂರಾಡುತ್ತ ಹಿಂದೆ ಸರಿದು ನೀಲಿ ಚಾಪೆಯ ಮೇಲೆ ಅಂಗಾತ ಬಿದ್ದ. ಬೀಳುವಾಗ ಗದ್ದ ತಾನಾಗಿ ಎದೆಗೆ ಒತ್ತಿಕೊಂಡಿತು, ಎರಡೂ ಕೈಗಳು ಚಾಪೆಯನ್ನು ಬಡಿದವು. ಎಪ್ಪತ್ತು ದಾಟಿದ ಮೈ ಬೇರೆ ಏನೇನನ್ನೋ ಮರೆತಿದ್ದರೂ ಅದನ್ನು ಮರೆತಿರಲಿಲ್ಲ. ಅವನಿಗಿಂತ ಏಳೆಂಟು ವರ್ಷ ದೊಡ್ಡವನಾದ ಅಕಾಹೊರಿ ಅವನ ಮೇಲೆ ಅಡ್ಡಲಾಗಿ ಮೈಚೆಲ್ಲಿದ. ವೃದ್ಧಾಶ್ರಮದ ಆರೈಕೆಯ ಹುಡುಗಿ ಒತ್ಸುಬೊ ಮೊಣಕಾಲೂರಿ, ಚಾಪೆ ಬಡಿದು ಎಣಿಸಿದಳು; ಮೂರರೊಳಗೆ ಭುಜ ಮೇಲೇಳದಿದ್ದರೆ ಸೋಲು. "ಒಂದು, ಎರಡು, ಮೂರು."

"ಚೆನ್ನಾಗಿ ಬಿದ್ದೆ ಕಣೋ ತೊಕು," ಎಂದ ಅಕಾಹೊರಿ, ಏದುಸಿರು ಬಿಡುತ್ತ.

"ಏಟೇ ಹಾಗಿತ್ತಲ್ಲ ಅಣ್ಣ."

ವಾರಕ್ಕೊಮ್ಮೆ ಅಷ್ಟಾದರೆ ಸಾಕು. ಆ ವಾರವೆಲ್ಲ ಅಕಾಹೊರಿ ಹೇಳಿದಂತೆ ಕೇಳುತ್ತಿದ್ದ. ಸ್ನಾನಕ್ಕೆ ಕರೆದರೆ ಹೋಗುತ್ತಿದ್ದ, ಗುಳಿಗೆ ಕೊಟ್ಟರೆ ನುಂಗುತ್ತಿದ್ದ. ಒಂದು ಕಾಲಕ್ಕೆ ಜಪಾನಿನ ಊರೂರಿನಲ್ಲಿ ಗೋಡೆಗೋಡೆಗೂ ಇವನ ಮುಖ ಅಂಟಿಸಿರುತ್ತಿತ್ತು. ಈಗ ಮರೆವಿನ ಕಾಯಿಲೆ. ಮಗಳ ಹೆಸರೂ ನೆನಪಿಲ್ಲ, ಆದರೆ ಕುಸ್ತಿ ನೆನಪಿದೆ, ಗ್ರಹಚಾರ ಅಂದರೆ ಅದೇ. ಹಿಂದಿನ ಶರತ್ಕಾಲದಲ್ಲಿ ಸ್ನಾನ ಮಾಡಿಸಲು ಬಂದವನನ್ನು ಎದುರಾಳಿ ಎಂದುಕೊಂಡು ಎತ್ತಿ ಒಗೆದಿದ್ದ. ಆ ಹುಡುಗನ ಮಣಿಕಟ್ಟು ಮುರಿಯಿತು. ಇನ್ನೊಂದು ಸಲ ಹೀಗಾದರೆ ಬೇರೆ ಕಡೆ ನೋಡಿಕೊಳ್ಳಿ ಎಂದು ಮೇಲ್ವಿಚಾರಕ ಹಿರೊನಾಕ ಮಗಳಿಗೆ ಹೇಳಿದ್ದ. ಆ ಗಾತ್ರದವನನ್ನು, ಆ ಸುದ್ದಿ ಕೇಳಿದ ಮೇಲೆ, ಸೇರಿಸಿಕೊಳ್ಳುವ ಬೇರೆ ಕಡೆ ಎಲ್ಲೂ ಇರಲಿಲ್ಲ.

ಮಗಳು ಚಿಹಾರು ಆಗ ಮಿಕಾಮಿಯನ್ನು ಹುಡುಕಿಕೊಂಡು ಬಂದಿದ್ದಳು. ಅವನು ಕವಾಗುಚಿ ಸ್ಟೇಷನ್ ಹತ್ತಿರ ಸೈಕಲ್ ಸ್ಟ್ಯಾಂಡ್ ಕಾಯುತ್ತಿದ್ದ.

"ಅಪ್ಪ ಯಾವಾಗ್ಲೂ ನಿಮ್ಮನ್ನೇ ಕೇಳ್ತಾರೆ ಮಾಮ. ತೊಕು ಎಲ್ಲಿ, ಕುಸ್ತಿಗೆ ಹೊತ್ತಾಯ್ತು ಅಂತಾರೆ. ನೀವು ಒಂದ್ಸಲ ಬಂದು..."

ಬಂದು ಸೋತುಹೋಗಿ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಮಿಕಾಮಿ ಸಾಲು ತಪ್ಪಿ ನಿಂತಿದ್ದ ಒಂದು ಸೈಕಲನ್ನು ಸರಿಮಾಡಿ, "ಬುಧವಾರ ನಂಗೆ ರಜ," ಎಂದ.

ಮನೆಯಲ್ಲಿ ಹೆಂಡತಿ ಸೆತ್ಸುಕೊಗೆ ಇದು ಹಿಡಿಸಲಿಲ್ಲ. "ಇಷ್ಟು ವರ್ಷ ಸಂಬಳಕ್ಕೆ ಬಿದ್ರಿ. ಈಗ ಬಿಟ್ಟಿ ಬೀಳೋಕೆ ಹೊರಟ್ರಾ?"

"ಚಾಪೆ ಹಾಕ್ತಾರಂತೆ ಕಣೇ."

"ಚಾಪೆಯಂತೆ ಚಾಪೆ. ಆ ಮನುಷ್ಯ ನಿಮ್ಮೂರಲ್ಲಿ ನಿಮ್ಮಮ್ಮನ ಎದುರಿಗೆ ಮಾಡಿದ್ದು ಮರೆತ್ರಾ? ನಾನಂತೂ ಮರ್ತಿಲ್ಲ."

ಮಿಕಾಮಿ ಮರೆತಿರಲಿಲ್ಲ. ಅವರ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂಬುದು ಬಟ್ಟೆ ಬದಲಿಸುವ ಕೋಣೆಯಲ್ಲೇ ತೀರ್ಮಾನವಾಗಿರುತ್ತದೆ. ಬೀಳುವುದು ಮಾತ್ರ ನಿಜ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ದೊಡ್ಡ ಪೈಲ್ವಾನರ ಮಾತು; ಮಿಕಾಮಿಯ ಕಸುಬೇ ಮೀಸೆಗೆ ಮಣ್ಣು ಮಾಡಿಕೊಳ್ಳುವುದಾಗಿತ್ತು. ಬಸ್ಸಿನಲ್ಲಿ ಊರಿಂದೂರಿಗೆ ಹೋಗಿ, ಪ್ರತಿ ಊರಿನಲ್ಲೂ ಅಕಾಹೊರಿಯ ಕೈಯಲ್ಲಿ ಬಿದ್ದು, ಮತ್ತೆ ಬಸ್ಸು ಹತ್ತುತ್ತಿದ್ದ. ಅದರ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ಯಾರಾದರೂ ಚೆನ್ನಾಗಿ ಬೀಳದೆ ಯಾರೂ ದೊಡ್ಡವರಾಗುವುದಿಲ್ಲ.

ಆದರೆ ಆ ಕಸುಬಿನಲ್ಲೂ ಒಂದು ಮರ್ಯಾದೆ ಇತ್ತು. ತಿರುಗಾಟ ಒಬ್ಬನ ಸ್ವಂತ ಊರಿಗೆ ಬಂದರೆ, ಆ ದಿನ ಅವನು ಎಷ್ಟೇ ಚಿಕ್ಕವನಾಗಿರಲಿ, ಗೆಲುವು ಅವನದು. ಅಪ್ಪ ಅಮ್ಮ, ಓರಗೆಯವರು, ಶಾಲೆಯ ಮೇಷ್ಟ್ರು ನೋಡಲು ಬಂದಿರುತ್ತಾರೆ. ಮಿಕಾಮಿಯ ಊರಾದ ಅಜಿಗಸಾವಕ್ಕೆ ಅವರ ತಂಡ ಹೋದದ್ದು ಒಂದೇ ಸಲ. ಅವನಮ್ಮ ಕಡಲ ದಂಡೆಯಲ್ಲಿ ಮೀನು ಒಣಗಿಸಿ ಮಾರುತ್ತಿದ್ದಳು. ಅವತ್ತು ಅಂಗಡಿ ಮುಚ್ಚಿ, ಇಡೀ ಕೇರಿಯನ್ನು ಎಬ್ಬಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಳು. ಇನ್ನೇನು ರಿಂಗ್ ಹತ್ತಬೇಕು ಅನ್ನುವಾಗ ಅಕಾಹೊರಿ ಅವನನ್ನು ಪಕ್ಕಕ್ಕೆ ಕರೆದಿದ್ದ.

"ಟಿವಿಯವರು ಬಂದ್ಬಿಟ್ಟಿದಾರೆ ತೊಕು. ದೇಶವೆಲ್ಲ ನೋಡುತ್ತೆ. ಇವತ್ತು ಆಗಲ್ಲ. ಇನ್ನೊಂದ್ಸಲ ಬಂದಾಗ ನಿಂದೇ."

ಮಿಕಾಮಿ ಅಮ್ಮನ ಕಣ್ಣೆದುರಿಗೇ ಸೋತ, ಅದೂ ಬಲು ಬೇಗ ಸೋತ. ಹೊರಗೆ ಬಸ್ಸಿನ ಹತ್ತಿರ ಅವಳು ಒಣಮೀನಿನ ಪೊಟ್ಟಣ ಹಿಡಿದು ಕಾಯುತ್ತಿದ್ದಳು. ಮಗನ ತೋಳು ಹಿಸುಕಿ ನೋಡಿ, "ಹೊಟ್ಟೆ ತುಂಬ ಉಣ್ಣೋಕೆ ಹಾಕಲ್ವೇನೋ ಇವರು?" ಎಂದಳು. ಮುಂದಿನ ಚಳಿಗಾಲ ಕಳೆಯುವ ಮೊದಲೇ ಅವಳು ತೀರಿಕೊಂಡಳು. ತಂಡ ಮತ್ತೆ ಆ ಕಡೆ ಹೋಗಲೂ ಇಲ್ಲ. ಅಕಾಹೊರಿ ಆ ಮಾತನ್ನು ಮತ್ತೆ ಎತ್ತಲಿಲ್ಲ, ಮಿಕಾಮಿ ಕೇಳಲಿಲ್ಲ. ಕೇಳದೆ ಉಳಿದ ಮಾತು ಒಳಗೇ ಕೊಳೆಯಿತು.

ಫೆಬ್ರವರಿಯ ಒಂದು ಬುಧವಾರ ಹಿರೊನಾಕ ತಾನೇ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತ. ವೃದ್ಧಾಶ್ರಮದಲ್ಲಿ ಕುಸ್ತಿ ಆಡಿಸುತ್ತಾರೆಂದು ಬೇರೆಯವರ ಮಕ್ಕಳು ದೂರು ಕೊಟ್ಟಿದ್ದರು. ಚಿಹಾರು ಮಿಕಾಮಿಯ ಕೋಟನ್ನು ಇಸಿದುಕೊಳ್ಳುತ್ತ ಮೆಲ್ಲಗೆ ಹೇಳಿದಳು, "ಇವತ್ತು ನೋಡಿ ತೀರ್ಮಾನ ಮಾಡ್ತಾರಂತೆ ಮಾಮ. ಅಪ್ಪ ಕೆರಳದ ಹಾಗೆ ನೋಡ್ಕೊಳ್ಳಿ. ಇಲ್ಲಿಂದ ಕಳಿಸಿದ್ರೆ ನಾನೆಲ್ಲಿಗೆ ಕರ್ಕೊಂಡು ಹೋಗ್ಲಿ?"

"ಬೀಳೋದು ತಾನೇ? ಬೀಳ್ತೀನಿ ಬಿಡಮ್ಮ."

ಅಕಾಹೊರಿ ಅವತ್ತು ಹುರುಪಿನಲ್ಲಿದ್ದ. ಹಿರೊನಾಕನನ್ನು ಯಾವುದೋ ಊರಿನ ಸಂಘಟಕ ಎಂದುಕೊಂಡು ಮಿಕಾಮಿಯ ಹೆಗಲು ತಟ್ಟಿ ಪರಿಚಯ ಮಾಡಿಕೊಟ್ಟ. "ಇವನು ತೊಕು. ಸೋಲೋದ್ರಲ್ಲಿ ಇವನ ಸಮ ಯಾರೂ ಇಲ್ಲ. ಎಲ್ಲಾ ಊರಲ್ಲೂ ಸೋಲ್ಸಿದೀನಿ ಇವನ್ನ, ಒಂದೂರೂ ಬಿಟ್ಟಿಲ್ಲ."

ಹಿರೊನಾಕ ನಕ್ಕ. ಮಿಕಾಮಿಯೂ ನಗಬೇಕಿತ್ತು. ಆ ಕೊನೆಯ ಮಾತು ಕೇಳಿ ಅವನು ಬಗ್ಗಿ, ನೆಟ್ಟಗೇ ಇದ್ದ ಚಾಪೆಯ ಅಂಚನ್ನು ಎಳೆದು ಸರಿಮಾಡಿದ.

ಚಾಪೆಯ ಮೇಲೆ ಎದುರುಬದುರು ನಿಂತಾಗ ಅಕಾಹೊರಿ ಪ್ರತಿ ವಾರ ಕೇಳುವಂತೆ ಕೇಳಿದ. "ಇವತ್ತು ಯಾವೂರೋ?"

ತಿರುಗಾಟದವರಿಗೆ ಅದು ಮಾಮೂಲು ಪ್ರಶ್ನೆ. ಕುಮಾಮೊಟೊ ಎಂಬುದು ಮಿಕಾಮಿಯ ಮಾಮೂಲು ಉತ್ತರ. ಅದು ಅಕಾಹೊರಿಯ ಊರು, ಕೇಳಿದರೆ ಅವನ ಮುಖ ಅರಳುತ್ತಿತ್ತು. ಅವತ್ತು ಮಿಕಾಮಿಯ ಬಾಯಿಗೆ ಅದು ಬರಲಿಲ್ಲ.

"ಅಜಿಗಸಾವ," ಎಂದ.

ಮೇಲೆತ್ತಿದ್ದ ಅಕಾಹೊರಿಯ ಕೈ ಅಲ್ಲೇ ನಿಂತಿತು. ಅವನ ಹುಬ್ಬು ಗಂಟಾದದ್ದು ನೋಡಿ ಒತ್ಸುಬೊ ಎದ್ದು ನಿಂತಳು. ಹಿರೊನಾಕ ಬಾಗಿಲು ಬಿಟ್ಟು ಒಳಗೆ ಬಂದ. ಚಿಹಾರುವಿನ ಮುಖ ನೋಡಿ ಮಿಕಾಮಿಗೆ ನಾಚಿಕೆಯಾಯಿತು. ಕಾಯಿಲೆಯವನ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟೆನಲ್ಲ, ಈ ಹೆಣ್ಣುಮಗಳು ಬೀದಿಗೆ ಬೀಳುತ್ತಾಳಲ್ಲ ಎಂದು ಮಾತು ತಿದ್ದಲು ಬಾಯಿ ತೆರೆದ.

"ಅದು ನಿನ್ನೂರಲ್ವೇನೋ?" ಎಂದ ಅಕಾಹೊರಿ.

"ಹೂಂ ಅಣ್ಣ."

"ನಿಮ್ಮಮ್ಮ ಬಂದಿದಾರಾ?"

"ಬಂದಿದಾರೆ," ಎಂದ ಮಿಕಾಮಿ.

ಅಕಾಹೊರಿ ಕತ್ತು ತಿರುಗಿಸಿ ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದ. ಚಹಾದ ಮೇಜು, ಗಾಲಿ ಕುರ್ಚಿಗಳು, ಕಿಟಕಿ, ಒಂದೊಂದನ್ನೂ ನೋಡಿದ. ಆಮೇಲೆ ಮಿಕಾಮಿಯ ಕಿವಿಯ ಹತ್ತಿರ ಬಾಗಿದ. "ಟಿವಿಯವರು ಬಂದಿಲ್ಲ ತಾನೇ?"

"ಬಂದಿಲ್ಲಣ್ಣ."

"ಸರಿ ಹಾಗಾದ್ರೆ. ಎದೆಗೆ ಹೊಡಿ. ಎರಡೇಟಿಗೆ ನಿಂತ್ಕೋತೀನಿ, ಮೂರನೇದಕ್ಕೆ ಬೀಳ್ತೀನಿ. ಮೆತ್ತಗೆ ಹೊಡೀಬೇಡ, ನಿಮ್ಮಮ್ಮಂಗೆ ಗೊತ್ತಾಗ್ಬಿಡುತ್ತೆ."

"ಮಿಕಾಮಿಯವರೇ, ಬೇಡ," ಎಂದ ಹಿರೊನಾಕ. ಆದರೆ ಅಕಾಹೊರಿ ಆಗಲೇ ಕಾಲು ಅಗಲಿಸಿ ಎದೆಯೊಡ್ಡಿ ನಿಂತಿದ್ದ. ಈಗ ಬೇಡ ಅಂದರೆ ಅವನನ್ನು ಹಿಡಿಯುವವರು ಯಾರೂ ಇರುವುದಿಲ್ಲವೆಂದು ಮಿಕಾಮಿಗೆ ಗೊತ್ತಿತ್ತು. ಅವನು ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಹೊಡೆದ. ಸದ್ದು ಜೋರಾಗಿ, ನೋವು ಕಡಿಮೆಯಾಗಿ ಬೀಳುವ ಏಟು ಅದು. ಎರಡನೆಯದಕ್ಕೆ ಅಕಾಹೊರಿ ತೂರಾಡಿದ, ಎಷ್ಟು ಚೆನ್ನಾಗಿ ತೂರಾಡಿದನೆಂದರೆ ಮುದುಕಿಯೊಬ್ಬಳು ಅಯ್ಯೋ ಎಂದಳು. ಮೂರನೆಯ ಏಟಿಗೆ ಅವನು ಕುಸಿಯುವ ಮೊದಲೇ ಮಿಕಾಮಿ ಒಂದು ಕೈಯನ್ನು ಅವನ ತಲೆಯ ಕೆಳಗೆ, ಇನ್ನೊಂದನ್ನು ಬೆನ್ನಿಗೆ ಕೊಟ್ಟು, ಅವನ ಭಾರವನ್ನೆಲ್ಲ ತನ್ನ ಮೊಣಕಾಲಿನ ಮೇಲೆ ಹೊತ್ತು ಚಾಪೆಗೆ ಇಳಿಸಿದ. ಮೊಣಕಾಲು ಲಟಕ್ಕೆಂದಿತು. ನೋಡುವವರಿಗೆ ಅಪ್ಪಿಕೊಂಡು ನೆಲಕ್ಕೆ ಕೆಡವಿದಂತೆ ಕಂಡಿತು.

ಅವನ ಎದೆಯ ಮೇಲೆ ಮೈಯಿಟ್ಟು ಮಿಕಾಮಿ ಒತ್ಸುಬೊಳನ್ನು ನೋಡಿದ. ಅವಳು ಮೇಲ್ವಿಚಾರಕನ ಮುಖ ನೋಡಲಿಲ್ಲ. ಮೊಣಕಾಲೂರಿ ಚಾಪೆ ಬಡಿದಳು. "ಒಂದು."

ಅಕಾಹೊರಿಯ ಉಸಿರಿಗೆ ಔಷಧಿಯ ವಾಸನೆಯಿತ್ತು.

"ಎರಡು."

ಎರಡಕ್ಕೆ ಅವನ ಭುಜ ಅದುರಿತು. ಎರಡಕ್ಕೆ ಮೇಲೇಳುವುದು ಆ ಭುಜದ ಜನ್ಮದ ಅಭ್ಯಾಸ. ಅದು ಚಾಪೆಯಿಂದ ಕೂದಲೆಳೆಯಷ್ಟು ಮೇಲೆದ್ದದ್ದು ಮಿಕಾಮಿಗೆ ಮೈಯಿಂದಲೇ ಗೊತ್ತಾಯಿತು. ಅಕಾಹೊರಿ ಹಲ್ಲು ಕಚ್ಚಿ ಅದನ್ನು ಮತ್ತೆ ಕೆಳಗಿಟ್ಟ.

"ಮೂರು."

ಮಿಕಾಮಿ ಎದ್ದು, ಅವನನ್ನು ಎಬ್ಬಿಸಲು ಕೈ ನೀಡಿದ. ಅಕಾಹೊರಿ ಕಣ್ಣು ತೆರೆಯದೆ ಗದರಿದ, "ಥೂ, ಕೈ ತೆಗಿ. ಗೆದ್ದೋನು ಸೋತೋನ್ನ ಎಬ್ಬಿಸ್ತಾನೇನೋ? ಹೋಗು. ಅಷ್ಟು ದೂರದಿಂದ ಬಂದಿದಾರೆ. ಹೋಗಿ ಮುಖ ತೋರ್ಸು."

ಮಿಕಾಮಿ ಕುಂಟುತ್ತ ತಿರುಗಿದ. ಎದುರಿಗೆ ಮೇಜಿನ ಸಾಲಿನಲ್ಲಿ ಮುದುಕಿಯರು ಬಟ್ಟಲು ಹಿಡಿದು ಅವನನ್ನೇ ನೋಡುತ್ತಿದ್ದರು. ಒಬ್ಬಳು ಎದೆಗೆ ಕಟ್ಟಿದ ಊಟದ ಬಟ್ಟೆಯನ್ನು ಸರಿಮಾಡಿಕೊಂಡು ಚಪ್ಪಾಳೆ ತಟ್ಟಿದಳು. ಅವಳನ್ನು ನೋಡಿ ಪಕ್ಕದವಳು ತಟ್ಟಿದಳು. ಗೆದ್ದವನು ಕೈ ಎತ್ತಬೇಕು, ಆದರೆ ಅವನ ಕೈ ಮೇಲೇಳಲಿಲ್ಲ. ಅವನು ಸೊಂಟ ಬಗ್ಗಿಸಿ ಆ ಸಾಲಿಗೆ ತಲೆಬಾಗಿದ, ಬಾಗಿದವನು ಹಾಗೆಯೇ ನಿಂತ.

ಅವನ ಹಿಂದೆ ಚಿಹಾರು ಕೂಗಿದರೂ, ಒತ್ಸುಬೊ ಹೆಗಲು ಮುಟ್ಟಿದರೂ, ಅಕಾಹೊರಿ ಏದುಸಿರು ಬಿಡುತ್ತಲೇ, ಸೋತವನು ಬಿದ್ದಿರಬೇಕಾದ ಹಾಗೆ ಚಾಪೆಯ ಮೇಲೆ ಕೈಕಾಲು ಚೆಲ್ಲಿ ಅಲುಗಾಡದೆ ಮಲಗಿದ್ದ.