ಹಸಿರು ಗುರುತಿಲ್ಲದ ಫೋಲ್ಡರ್

ಒಂದು ಕುಕ್ಕರ್ ಕೊಳ್ಳಲು ನಾಲ್ಕು ತಿಂಗಳು ತೆಗೆದುಕೊಂಡವನು ನಾನು. ಏನೇ ತರುವುದಿದ್ದರೂ ಮೊದಲು ಕೋಷ್ಟಕ ಬರೆಯಬೇಕು, ಅಳೆದು ಸುರಿದು ನೋಡಬೇಕು, ಕೊನೆಗೆ ಅಕ್ಕನಿಂದ ಬೈಸಿಕೊಂಡು ಯಾವುದೋ ಒಂದನ್ನು ತರಬೇಕು. ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು ‘ಬ್ರೇಕ್, ಬ್ರೇಕ್’ ಎಂದು ಕೂಗಿದ ಗಂಟಲು ಅವಳದು. ಕೂತಲ್ಲಿ ಕೂರದ ನನಗೆ ಬುಗುರಿ ಎಂದು ಹೆಸರಿಟ್ಟವಳೂ ಅವಳೇ.

ಆ ಗಂಟಲಿನಲ್ಲೇ ಗಡ್ಡೆ ಎದ್ದಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಸ್ಪತ್ರೆಯ ಮಾತಿನ ಚಿಕಿತ್ಸಕಿ ಒಂದು ದಾರಿ ತೋರಿಸಿದರು. ಆಪರೇಷನ್ನಿಗೆ ಮೊದಲು ಸಾವಿರದ ಆರುನೂರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಕೊಟ್ಟರೆ, ಮುಂದೆ ಅಕ್ಕ ಟೈಪ್ ಮಾಡಿದ್ದನ್ನು ಯಂತ್ರ ಅವಳದೇ ದನಿಯಲ್ಲಿ ಹೇಳುತ್ತದಂತೆ. ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ಹಾಕಿ ತಂದರೆ ಸಾಕು ಎಂದೂ ಹೇಳಿದ್ದರು. ಪೆನ್‌ಡ್ರೈವ್ ಎಂದರೆ ನನಗೆ ತಾತ್ಸಾರ.

ಮೂರು ವಾರ ನನ್ನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಓದಿಸಿದೆ. ಅಕ್ಕ ಸುದ್ದಿ ಓದುವವರ ಹಾಗೆ ನಿಧಾನವಾಗಿ, ಸ್ಪಷ್ಟವಾಗಿ ಓದುತ್ತಿದ್ದಳು. ಚೆನ್ನಾಗಿ ಬಂದವು ‘ಓದು’ ಎಂಬ ಫೋಲ್ಡರಿಗೆ ಹೋದವು. ಕೆಮ್ಮಿ, ನಕ್ಕು, ಅಥವಾ ಹಿಂದೆ ತಿರುಗಾಡುತ್ತಿದ್ದ ನನ್ನನ್ನು ಗದರಿ ಕೆಡಿಸಿದವನ್ನು ‘ಕಸ’ ಎಂಬ ಇನ್ನೊಂದು ಫೋಲ್ಡರಿಗೆ ತಳ್ಳಿದೆ.

ಎಲ್ಲ ಇದ್ದದ್ದು ನನ್ನ ಒಂದು ಹಳೆಯ ಕಂಪ್ಯೂಟರಿನಲ್ಲಿ. ಅದರ ಡಿಸ್ಕ್ ಆಗಾಗ ಟಿಕ್ ಟಿಕ್ ಎನ್ನುತ್ತಿತ್ತು, ಯಾವಾಗ ಕೈಕೊಡುತ್ತದೋ ಹೇಳುವಂತಿರಲಿಲ್ಲ. ಇಂಟರ್ನೆಟ್ಟಿನ ಕ್ಲೌಡಿಗೆ ಏರಿಸಿಬಿಟ್ಟರೆ ನಿಶ್ಚಿಂತೆ ಅಂದುಕೊಂಡೆ. ಆದರೆ ನಾನು ಭೂಮಾಪನದ ನಕ್ಷೆ ಬರೆಯುವವನು, ಆ ಕೆಲಸಕ್ಕಾಗಿ ಎಲ್ಲರೂ ಬಳಸುವುದನ್ನು ಬಿಟ್ಟು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿಕೊಂಡವನು. ದೊಡ್ಡ ಕ್ಲೌಡ್ ಕಂಪನಿಯವರನ್ನು ಕೇಳಿದರೆ ‘ಲಿನಕ್ಸಿಗೆ ಸದ್ಯಕ್ಕಿಲ್ಲ’ ಎಂಬ ಉತ್ತರ. ಲಿನಕ್ಸಿಗೆ ಹೊಂದುವ ಬೇರೆ ತಂತ್ರಾಂಶಗಳಲ್ಲಿ ಒಂದಕ್ಕೆ ವೇಗವಿಲ್ಲ, ಒಂದಕ್ಕೆ ಬೀಗವಿಲ್ಲ, ಇನ್ನೊಂದನ್ನು ಕರಿಪರದೆಯಲ್ಲಿ ಆಜ್ಞೆ ಬರೆದೇ ನಡೆಸಬೇಕು. ಒಂಬತ್ತು ತಂತ್ರಾಂಶ, ಹದಿನಾಲ್ಕು ಗುಣ. ಕೋಷ್ಟಕ ಬೆಳೆಯಿತು. ಆಪರೇಷನ್ ಗುರುವಾರ, ಅದಕ್ಕೆ ಎಂಟು ದಿನ ಇರುವಾಗ ನಾನಿನ್ನೂ ಮೂರರ ನಡುವೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದೆ.

ಕೊನೆಗೆ ಮೂರನ್ನೂ ಹಾಕಿದೆ. ಒಂದೇ ಫೋಲ್ಡರನ್ನು ಮೂರಕ್ಕೂ ವಹಿಸಿದರೆ ತಾನೇ ಸರಿಯಾದ ಹೋಲಿಕೆ? ಉಚಿತ ಜಾಗ ಕಡಿಮೆಯೆಂದು ‘ಕಸ’ವನ್ನು ಹೊರಗಿಟ್ಟೆ. ಅಳಿಸಿದ್ದನ್ನು ಒಂದು ತಿಂಗಳು ಕಾದಿಡುವ ಸೌಲಭ್ಯವಿತ್ತು, ಅದೂ ಜಾಗ ತಿನ್ನುತ್ತದೆಂದು ನಿಲ್ಲಿಸಿಬಿಟ್ಟೆ.

ಅಕ್ಕ ಇಣುಕಿ ನೋಡಿ ಕೇಳಿದಳು, “ಒಂದು ಸ್ಟೀರಿಂಗಿಗೆ ಮೂರು ಜನ ಡ್ರೈವರಾ?”

ಪರೀಕ್ಷೆ ಅಷ್ಟೇ ಎಂದೆ. ಹೆಸರಿನ ಪಕ್ಕ ಹಸಿರು ಗುರುತು ಬಂದರೆ ಅದು ಮೇಲೆ ಭದ್ರವಾಗಿದೆ ಎಂದು ಅರ್ಥ, ಇನ್ನು ಚಿಂತೆಯಿಲ್ಲ ಎಂದು ದೊಡ್ಡದಾಗಿ ವಿವರಿಸಿದೆ. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೂರೂ ಕಿತ್ತಾಡಿದವು. ಒಂದು ಮುಟ್ಟಿದ ಕಡತ ಇನ್ನೊಂದಕ್ಕೆ ಹೊಸದಾಗಿ ಕಂಡು, ಪ್ರತಿಗೆ ಪ್ರತಿ ಹುಟ್ಟಿ, ಸಾವಿರದ ಆರುನೂರು ಇದ್ದದ್ದು ಹತ್ತು ಸಾವಿರ ದಾಟಿತು. ಸೋಮವಾರದಿಂದ ಅಕ್ಕ ಮಾತಾಡಲೇಬಾರದು ಎಂದು ಡಾಕ್ಟರು ಹೇಳಿದ್ದರು. ಗಂಟಲು ಅಷ್ಟು ಊದಿತ್ತು. ಏನಿದ್ದರೂ ಚೀಟಿಯಲ್ಲಿ ಬರೆಯುತ್ತಿದ್ದಳು. ಮಂಗಳವಾರ ಸಂಜೆ ನಾನು ಆಫೀಸಿನಿಂದ ಬಂದಾಗ ಕೀಬೋರ್ಡಿನ ಮೇಲೆ ಒಂದು ಚೀಟಿ ಇತ್ತು.

“ಡಿಸ್ಕ್ ತುಂಬಿದೆ ಅಂತ ಬಂತು. ಜಾಗ ಮಾಡಿದೀನಿ. ಹಸಿರು ಗುರುತು ಇರೋದನ್ನ ಮಾತ್ರ ಅಳಿಸಿದೆ. ಹೇಗೂ ಮೇಲಿದೆಯಲ್ಲ.”

ಬ್ಯಾಗು ಹೆಗಲಲ್ಲಿರುವಾಗಲೇ ಪರದೆಗೆ ಬಾಗಿದೆ. ಮೊದಲ ತಂತ್ರಾಂಶದ ಕ್ಲೌಡ್ ತೆರೆದೆ, ಖಾಲಿ. ಎರಡನೆಯದೂ ಖಾಲಿ. ಮೂರನೆಯದನ್ನು ತೆರೆದೆ, ಅದೂ ಖಾಲಿ. ಅವುಗಳ ತಪ್ಪೇನೂ ಇರಲಿಲ್ಲ. ಕೆಳಗೆ ಇದ್ದ ಹಾಗೆಯೇ ಮೇಲೆ ಇಡುವುದು ಅವುಗಳ ಕೆಲಸ, ಕೆಳಗೆ ಅಳಿಸಿದ್ದನ್ನು ಮೇಲೂ ಅಳಿಸಿದ್ದವು. ಅಷ್ಟು ದಿನ ಜಗಳವಾಡಿದ ಮೂರೂ ಈ ಒಂದು ಕೆಲಸವನ್ನು ಒಗ್ಗಟ್ಟಾಗಿ ಮಾಡಿದ್ದವು.

ಅಳಿಸಿದ್ದನ್ನು ಮರಳಿ ತರುವ ಉಪಾಯಗಳನ್ನೆಲ್ಲ ಮಾಡಿದೆ. ಆ ಜಾಗದ ಮೇಲೆ ಆಗಲೇ ಬೇರೆ ಏನೇನೋ ಬರೆದುಹೋಗಿತ್ತು. ಅಕ್ಕನಿಗೆ ಹೇಳದೆ ವಿಧಿಯಿರಲಿಲ್ಲ. ಅವಳು ಕಿಟಕಿಯ ಕಂಬಳಿ ಬಿಚ್ಚಿ ಮಡಿಸಿಟ್ಟಳು. ಆಮೇಲೆ ಚೀಟಿಯಲ್ಲಿ ‘ಅಳಿಸಿದ್ದು ನಾನು’ ಎಂದು ಬರೆದಳು. ನನಗೆ ಬಾಯಿದ್ದರೂ ಪೆನ್ನು ಕಿತ್ತುಕೊಂಡು ಕೆಳಗೆ ‘ಅಳಿಸಬಹುದು ಅನ್ನೋ ಹಾಗೆ ಹೇಳಿದ್ದು ನಾನು’ ಎಂದು ಬರೆದೆ. ಇಬ್ಬರೂ ಅತ್ತೆವು. ಅವಳು ಸದ್ದಿಲ್ಲದೆ ಅತ್ತಳು.

ಬುಧವಾರ ಪೆನ್‌ಡ್ರೈವಿನಲ್ಲಿ ‘ಕಸ’ ಹಾಕಿಕೊಂಡು ಹೋದೆ. ಹಸಿರು ಗುರುತಿಲ್ಲದ್ದರಿಂದ ಅದೊಂದನ್ನು ಅಕ್ಕ ಮುಟ್ಟಿರಲಿಲ್ಲ. ಮುನ್ನೂರ ಹನ್ನೆರಡು ಕೆಟ್ಟ ವಾಕ್ಯಗಳು. ಚಿಕಿತ್ಸಕಿ ನಾಲ್ಕೈದನ್ನು ಕೇಳಿದರು. ಸಾಲದು, ಆದರೂ ಇದ್ದಷ್ಟರಲ್ಲೇ ನೋಡೋಣ ಎಂದರು. ಗುರುವಾರ ಆಪರೇಷನ್ ಆಯಿತು.

ಹನ್ನೆರಡನೆಯ ದಿನ ಚಿಕಿತ್ಸಕಿ ಆ ‘ಕಸ’ದಿಂದ ಮಾಡಿದ ದನಿ ತುಂಬಿದ ಟ್ಯಾಬನ್ನು ಅಕ್ಕನ ತೊಡೆಯ ಮೇಲೆ ಇಟ್ಟರು. ನಾನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯುತ್ತಿದ್ದೆ. ಅಕ್ಕ ಒಂದೇ ಬೆರಳಿನಲ್ಲಿ ‘ನೀರು ಬೇಕು’ ಎಂದು ಒತ್ತಿದಳು. ಇದ್ದ ನೀರನ್ನೆಲ್ಲ ನಾನೇ ಚೆಲ್ಲಿಬಿಟ್ಟೆನೇನೋ ಎನ್ನುವ ಹಾಗೆ ಟ್ಯಾಬ್ ಗದರಿತು. ನರ್ಸ್ ಗಾಬರಿಯಿಂದ ಲೋಟ ತಂದುಕೊಟ್ಟರು. ‘ಥ್ಯಾಂಕ್ಸ್’ ಎಂದಾಗ ದನಿಯ ತುದಿಯಲ್ಲಿ ನಗು ಇನ್ನೇನು ಉಕ್ಕುವಂತಿತ್ತು. ಮೂರು ವಾರ ನಾನು ಓದಿಸಿದ ಸುದ್ದಿಯ ದನಿ ಎಲ್ಲೂ ಇರಲಿಲ್ಲ. ಅದು ನಮ್ಮಕ್ಕ, ಅಚ್ಚು ನಮ್ಮಕ್ಕ.

ನನ್ನ ಕಾಲು ಆಗಲೂ ನಿಲ್ಲಲಿಲ್ಲ. ಕಣ್ಣು ಒರೆಸಿಕೊಳ್ಳುತ್ತ ಮತ್ತೆ ಬಾಗಿಲ ಕಡೆ ನಡೆದೆ. ಹಿಂದಿನಿಂದ ಅವಳು ಏನೋ ಒತ್ತುವ ಸದ್ದು ಕೇಳಿಸಿತು.

“ಬುಗುರೀ, ಒಂದ್ಕಡೆ ಕೂತ್ಕೋ.”

‘ಕಸ’ದಲ್ಲಿ ಆ ಮಾತು ನಲವತ್ತೊಂದು ಸಲ ಇತ್ತು. ಯಂತ್ರ ಒಂದಿಷ್ಟೂ ತಡವರಿಸಲಿಲ್ಲ. ನಾನು ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.