ತಾರಸಿಯ ಬಟ್ಟೆ ಹಗ್ಗ

ಮಾರೇನಹಳ್ಳಿಯ ಪಂಕಜಮ್ಮನಿಗೆ ಕೊರೊನಾ ಭಯ ಸ್ವಲ್ಪ ಅತಿಯಾಗಿಯೇ ಹತ್ತಿತ್ತು. ಅವರ ಮನೆಯ ತಾರಸಿಯ ರೂಮಿನಲ್ಲಿ ಬಾಡಿಗೆಗಿದ್ದ ಶಿವರಂಜನಿ ಆಸ್ಪತ್ರೆಯಲ್ಲಿ ನರ್ಸು. ಅವಳ ಯೂನಿಫಾರಂ ಗಾಳಿಗೆ ಹಾರಾಡುವುದನ್ನು ಕಂಡದ್ದೇ ತಡ, ಪಂಕಜಮ್ಮ ಬಟ್ಟೆ ಹಗ್ಗವನ್ನೇ ಬಿಚ್ಚಿಟ್ಟರು.

"ನಿನ್ನ ಬಟ್ಟೆ ರೂಮಲ್ಲೇ ಒಣಗಿಸ್ಕೋಮ್ಮ. ಇಲ್ಲಿ ನಾನು ಸಂಡಿಗೆ ಇಡ್ತೀನಿ."

ಹುಡುಗಿ ಒದ್ದೆ ಬಟ್ಟೆ ಎತ್ತಿಕೊಂಡು ರೂಮಿಗೆ ಹೋದಳು.

ಮಾರನೆಯ ದಿನ ಈ ಪರಾಕ್ರಮವನ್ನು ಪಂಕಜಮ್ಮ ಕಾಂಪೌಂಡಿನಾಚೆ ನಿಂತಿದ್ದ ಪಕ್ಕದ ಮನೆಯ ಶುಭಾಗೆ ಹೇಳಿದರು. ಶುಭಾ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವರು.

"ಅಲ್ರೀ ಪಂಕಜಮ್ಮ, ಮೊನ್ನೆ ನರ್ಸ್‌ಗಳಿಗೆ ಅಂತ ಗೇಟ್ ಹತ್ರ ನಿಂತು ತಟ್ಟೆ ಬಡಿದೋರು ನೀವೇ ಅಲ್ವಾ?"

"ಅದು ಬೇರೆ, ಇದು ಬೇರೆ ಕಣ್ರೀ. ನಮ್ಮನೆಗೆ ರೋಗ ಬಂದ್ರೆ?"

"ಸೋಪಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿದ ಬಟ್ಟೆಯಿಂದ ರೋಗ ಬರಲ್ಲ. ಆಸ್ಪತ್ರೇಲಿ ದಿನವೆಲ್ಲ ದುಡಿದು ಸಾಯ್ತಾಳೆ, ಮನೇಲೂ ನೆಮ್ಮದಿ ಇಲ್ಲ ಅಂದ್ರೆ ಎಷ್ಟು ದಿನ ತಡೀತಾಳೆ? ಅವಳೇ ಸೋತು ಕೂತ್ರೆ ನಾಳೆ ನಮ್ಮನ್ನ ನೋಡೋರ್ಯಾರು?"

ಪಂಕಜಮ್ಮ ಮೂತಿ ತಿರುವಿದರು. ಅಷ್ಟರಲ್ಲಿ ಪಟಪಟನೆ ಹನಿ ಬಿತ್ತು. ಅಯ್ಯೋ ಸಂಡಿಗೆ! ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದರು.

ಅರ್ಧ ದಾರಿಯಲ್ಲೇ ಡ್ಯೂಟಿಗೆ ಹೊರಟ ಶಿವರಂಜನಿ ಎದುರಾದಳು. ಯೂನಿಫಾರಂ ಮೈಗಂಟಿಕೊಂಡಿತ್ತು. ಅದು ಮಳೆಯ ಒದ್ದೆಯಲ್ಲ, ರೂಮಿನೊಳಗೆ ಒಣಗದೇ ಉಳಿದ ಒದ್ದೆ. ಪಂಕಜಮ್ಮನಿಗೆ ದಾರಿ ಬಿಡಲು ಅವಳು ಗೋಡೆಗೊರಗಿ ನಿಂತಳು.

"ಗಾಬರಿ ಆಗ್ಬೇಡಿ ಆಂಟಿ. ಮೋಡ ನೋಡಿ ಆಗ್ಲೇ ಸಂಡಿಗೆ ಎತ್ತಿ ಒಳಗಿಟ್ಟಿದೀನಿ. ಹೊಸ ಗ್ಲೌಸ್ ಹಾಕ್ಕೊಂಡೇ ಮುಟ್ಟಿದ್ದು. ನೀವು ತಿನ್ನಬಹುದು."

ಪಂಕಜಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ತಾಳಮ್ಮ, ಇಸ್ತ್ರಿ ಹಾಕಿ ಒಣಗಿಸ್ಕೊಡ್ತೀನಿ, ಬಾ..."

"ಬೇಡ ಆಂಟಿ, ಆಸ್ಪತ್ರೆ ಬಸ್ ಬಂದುಬಿಡುತ್ತೆ."

ಒದ್ದೆ ಬಟ್ಟೆಯಲ್ಲೇ ಹೋದಳು. ಪಂಕಜಮ್ಮ ಮೇಲೆ ಹೋಗಿ ನೋಡಿದರೆ ಒಂದೇ ಒಂದು ಸಂಡಿಗೆಯೂ ನೆನೆದಿರಲಿಲ್ಲ. ಅವರು ಅಲ್ಲೇ ಕೂತು ಅತ್ತುಬಿಟ್ಟರು.

ಮರುದಿನ ಬೆಳಿಗ್ಗೆ ಹಗ್ಗ ಮೊದಲಿನ ಜಾಗದಲ್ಲೇ ಇತ್ತು. ಕಟ್ಟಿದವರು ಪಂಕಜಮ್ಮನೇ. ಅದರ ಮೇಲೆ ಶಿವರಂಜನಿಯ ಯೂನಿಫಾರಂ ಹರವಿದವರೂ ಅವರೇ. "ತಪ್ಪಾಯ್ತು ಮಗಳೇ" ಎಂದರು, ಆದರೆ ಅವಳ ಮುಖ ನೋಡಿ ಹೇಳಲು ಧೈರ್ಯ ಸಾಲಲಿಲ್ಲ.

ನಿಮ್ಮ ಬೀದಿಯಲ್ಲೂ ಒಬ್ಬ ನರ್ಸು, ಒಬ್ಬ ಆಂಬುಲೆನ್ಸ್ ಡ್ರೈವರ್ ಇದ್ದಾರು. ಮಾಸ್ಕ್ ಹಾಕಿಕೊಳ್ಳಿ, ದೂರ ನಿಲ್ಲಿ, ಆದರೆ ಮುಖ ಕೊಟ್ಟು ಮಾತಾಡಿಸಿ. ಅವರ ನೀರು, ನಿದ್ದೆ, ಬಿಸಿಲು ಕಿತ್ತುಕೊಳ್ಳಬೇಡಿ. ತಟ್ಟೆ ಬಡಿಯದಿದ್ದರೂ ಪರವಾಗಿಲ್ಲ, ಹಗ್ಗ ಬಿಚ್ಚಬೇಡಿ.