ನೀರು ಚಿಮುಕಿಸದ ಒಂದು ಬೆಳಗು

ಈಜಿಪ್ಟಿನ ನಮ್ಮ ಫಯ್ಯೂಮ್ ಊರಲ್ಲಿ ಬೆಳಗಾದ ಕೂಡಲೇ ಹೆಂಗಸರು ಬಾಗಿಲ ಮುಂದೆ ನೀರು ಚಿಮುಕಿಸುತ್ತೇವೆ. ಧೂಳು ಕೂರುತ್ತದೆ, ನೆಲ ತಂಪಾಗುತ್ತದೆ. ನನ್ನ ಗಂಡ ಶಹಾತನ ಮೂವತ್ತು ವರ್ಷದ ಹಳೇ ಕಾರು ನಿಲ್ಲುವುದೂ ಅದೇ ಬಾಗಿಲ ಮುಂದೆ. ಆ ಕಾರಿನ ಕಾಯಿಲೆಯ ಗುರುತನ್ನು ದಿನಾ ತೊಳೆದು ಹಾಕುತ್ತಿದ್ದವಳು ನಾನೇ ಅಂತ ಯಾರಿಗೆ ಗೊತ್ತಿತ್ತು!

ಮಗಳು ರಾವಿಯಾ ಬನೀ ಸುವೈಫ್‌ನಲ್ಲಿ ಹೆಣ್ಣು ಹೆತ್ತಿದ್ದಳು. ಕೂಸಿನ ಏಳನೇ ದಿನದ ಶಾಸ್ತ್ರ ನಮ್ಮ ಮನೆಯಲ್ಲಿ. ಅದಕ್ಕೆ ಎರಡೇ ದಿನ ಉಳಿದಿತ್ತು. ಬಾಣಂತಿಯನ್ನೂ ಮಗುವನ್ನೂ ಮರಳುಗಾಡಿನ ದಾರಿಯಲ್ಲಿ ಕರೆತರಬೇಕು. ಕಾರು ನೋಡಿದರೆ ಒಂದು ವಾರದಿಂದ ಟಿಕ್ ಟಿಕ್ ಅನ್ನುತ್ತಿದೆ.

“ವಯಸ್ಸಾಯ್ತಲ್ಲೇ, ಮೂಳೆ ಲಟಲಟ ಅನ್ನುತ್ತೆ. ನಿನ್ನ ಮಂಡಿ ಅನ್ನಲ್ವಾ?” ಎಂದು ಶಹಾತ ಕ್ಯಾಸೆಟ್ಟಿನ ಹಾಡು ಜೋರು ಮಾಡಿದ.

“ನನ್ನ ಮಂಡಿ ಕೆಟ್ರೆ ಮನೇಲಿ ಕೂರ್ತೀನಿ. ಇದು ಮರಳಲ್ಲಿ ಕೆಟ್ಟು ನಿಂತ್ರೆ ಹಸುಗೂಸನ್ನ ಎಲ್ಲಿ ಮಲಗಿಸ್ತೀಯ?”

ಎದುರು ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಉಸ್ತಾ ಬಷಂದಿ ನಕ್ಕರು. ಕಾಲುವೆಯ ಪಂಪುಗಳ ಇಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಅದಕ್ಕೇ ಎಲ್ಲರೂ ಅವರನ್ನು ‘ಉಸ್ತಾ’, ಅಂದರೆ ಮೇಸ್ತ್ರಿ, ಅನ್ನುತ್ತೇವೆ.

“ಶಹಾತ, ಕಾರಿನಡಿ ನೆಲ ಒದ್ದೆ ಇದೆಯಲ್ಲಪ್ಪ?”

“ಅದು ಇವಳು ಹಾಕಿದ ನೀರು ಉಸ್ತಾ.”

“ಇರಬಹುದು. ಇಲ್ಲದೇನೂ ಇರಬಹುದು. ರಾವಿಯಾಳ ಅಮ್ಮ, ನಾಳೆ ಒಂದಿನ ನೀರು ಹಾಕಬೇಡಿ. ಇವತ್ತು ಸಂಜೆಯೇ ಕಾರಿನ ಕೆಳಗೆ ಬಿಳಿ ರಟ್ಟು ಹಾಸಿ.”

“ಅಯ್ಯೋ, ಬಾಗಿಲು ಒಣಗಿದ್ರೆ ಬೀದಿಯವರು ಏನಂದ್ಕೊಳ್ಳಲ್ಲ!” ಎಂದೆ. ಆದರೂ ಒಳಗೊಳಗೇ ಕುತೂಹಲ. ಫ್ರಿಡ್ಜಿನ ಡಬ್ಬ ಹರಿದು ಹಾಸಿದೆ.

ಮರುದಿನ ಬೆಳಗ್ಗೆ ನೋಡಿದರೆ ರಟ್ಟಿನ ಮೇಲೆ ಎರಡು ಕಲೆ! ಒಂದು ಕಪ್ಪು, ಒಂದು ಹಸಿರು.

“ಕಪ್ಪಗೆ ಜಿಡ್ಡಾಗಿರೋದು ಇಂಜಿನ್ ಆಯಿಲ್. ಹಸಿರಾಗಿ ಸಿಹಿ ವಾಸನೆ ಬರೋದು ಇಂಜಿನ್ ತಣ್ಣಗಿಡೋ ಕೂಲೆಂಟ್,” ಎಂದರು ಉಸ್ತಾ.

ಸಿಹಿ ಅಂದದ್ದೇ ತಡ, ಶಹಾತ ಬೆರಳದ್ದಿ ಬಾಯಿಗಿಡಲು ಹೋದ.

“ಏಯ್! ವಿಷ ಕಣೋ ಅದು! ಮಕ್ಕಳು, ಬೆಕ್ಕುಗಳೂ ಹತ್ರ ಸುಳೀಬಾರ್ದು,” ಎಂದು ಉಸ್ತಾ ಅವನ ಕೈ ತಡೆದರು.

ಇಂಜಿನ್ ತಣ್ಣಗಿತ್ತು, ನೆಲವೂ ಸಮನಾಗಿತ್ತು. ಆಯಿಲ್ ನೋಡುವುದಕ್ಕೆ ಇದೇ ಸರಿಯಾದ ಹೊತ್ತು ಎಂದು ಉಸ್ತಾ ಆಯಿಲ್ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದರು. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

“ಟಿಕ್ ಟಿಕ್ ಯಾಕೆ ಅಂತ ಗೊತ್ತಾಯ್ತಾ? ಮೇಲಿನ ಭಾಗಕ್ಕೆ ಆಯಿಲ್ ಸಾಲ್ತಿಲ್ಲ. ಇದೇ ಆಯಿಲ್ ಹಾಲು ಬೆರೆಸಿದ ಚಹಾ ಥರ ಕಂಡಿದ್ರೆ ಒಳಗೆ ನೀರು ಸೇರಿದೆ ಅಂತ. ಆಗ ಗಾಡಿ ಸ್ಟಾರ್ಟೇ ಮಾಡ್ಬಾರ್ದು.”

ಮೇಲಿನ ಗೆರೆಯವರೆಗೆ ಆಯಿಲ್ ತುಂಬಿ ಇಂಜಿನ್ ಶುರು ಮಾಡಿದರು. ಟಿಕ್ ಟಿಕ್ ತಗ್ಗಿತು. ಅದರಡಿ ಅಡಗಿದ್ದ ಇನ್ನೊಂದು ಸದ್ದು ಈಗ ಕೇಳಿಸಿತು, ಗುರ್ ಅಂತ. ಉಸ್ತಾ ನನ್ನ ಪೊರಕೆಯ ಕೋಲು ಇಸಕೊಂಡರು. ಬೆಲ್ಟಿಗೆ ಸಿಕ್ಕೀತೆಂದು ಜುಬ್ಬದ ಅಗಲ ತೋಳನ್ನು ಬಿಗಿಯಾಗಿ ಸುತ್ತಿ ಕಟ್ಟಿದರು. ಬೆಲ್ಟಿನಿಂದ ದೂರ ನಿಂತು, ಕೋಲಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು.

“ನಂಗೂ ಕೇಳ್ಸಿ ಉಸ್ತಾ!” ಅಂದೆ. ತಲೆವಸ್ತ್ರ ಬಿಗಿದುಕೊಂಡು, ಅವರು ಹಿಡಿದ ಕೋಲಿಗೇ ಕಿವಿಯೊತ್ತಿದೆ. ಒಂದು ಕಡೆ ಬರೀ ನುಣುಪು ಸದ್ದು. ಕೂಲೆಂಟ್ ಹರಿಸುವ ನೀರಿನ ಪಂಪಿನ ಹತ್ತಿರ ಇಟ್ಟರೆ ಒಳಗೆ ಯಾರೋ ಕಲ್ಲುಸಕ್ಕರೆ ಬೀಸುತ್ತಿರುವಂತೆ ಗರಗರ! ಹಸಿರು ಹನಿ ಬೀಳುತ್ತಿದ್ದದ್ದೂ ಅಲ್ಲಿಂದಲೇ.

ಶಹಾತನ ದನಿ ಇಳಿಯಿತು. “ಇದು ದಾರೀಲಿ ಹೋಗಿದ್ರೆ?”

“ಇಂಜಿನ್ ಕಾದು ನಿಲ್ತಿತ್ತು. ನೀನು ಗಾಬರೀಲಿ ರೇಡಿಯೇಟರ್ ಮುಚ್ಚಳ ತೆಗೀತಿದ್ದೆ. ಕುದಿಯೋ ನೀರು ಮುಖಕ್ಕೆ ರಾಚ್ತಿತ್ತು. ಒಳಗೆ ಬಿಸಿಲಲ್ಲಿ ಹಸುಗೂಸು.”

ಶಹಾತ ಅಂದೇ ಗ್ಯಾರೇಜಿನವರನ್ನು ಮನೆಗೇ ಕರೆಸಿ ಪಂಪು, ಆಯಿಲ್ ಸೋರುತ್ತಿದ್ದ ಪ್ಯಾಕಿಂಗು ಎರಡನ್ನೂ ಬದಲಾಯಿಸಿದ.

ಏಳನೇ ದಿನ ಮಗಳನ್ನು ಕರೆತಂದೆವು. ದಾರಿಯುದ್ದಕ್ಕೂ ಶಹಾತ ಕ್ಯಾಸೆಟ್ ಹಾಕಲಿಲ್ಲ, ಕಿವಿಗೊಟ್ಟು ಓಡಿಸಿದ. ಮಗುವಿಗೆ ಒಮ್ಮೆಯೂ ಎಚ್ಚರವಾಗಲಿಲ್ಲ.

ಸಂಜೆ ಕೂಸನ್ನು ಜರಡಿಯಲ್ಲಿ ಮಲಗಿಸಿ, ವಾಡಿಕೆಯಂತೆ ಪಕ್ಕದಲ್ಲಿ ಹಿತ್ತಾಳೆ ಕುಟ್ಟಾಣಿ ಠಣ್ ಠಣ್ ಬಾರಿಸಿದೆವು. “ಅಮ್ಮನ ಮಾತು ಕೇಳು,” ಎಂದೆ ನಾನು. “ಅಪ್ಪನ ಮಾತು ಕೇಳು,” ಎಂದರು ಬೀಗಿತ್ತಿ. ಶಹಾತ ಬಗ್ಗಿ ಮೊಮ್ಮಗಳ ಕಿವಿಯಲ್ಲಿ ಹೇಳಿದ: “ಕಾರಿನ ಮಾತೂ ಕೇಳು ಕಂದಾ. ನಿಮ್ಮ ತಾತ ಕೇಳದೆ ನಿನ್ನನ್ನೇ ಕಳಕೊಳ್ತಿದ್ದ.” ಅವನ ಕಣ್ಣು ಒದ್ದೆಯಾಗಿತ್ತು. ನಾನೂ ಅತ್ತುಬಿಟ್ಟೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬಾಗಿಲಲ್ಲೂ ಹಳೇ ಕಾರು ಇದೆಯೇ? ವಾರಕ್ಕೊಂದು ಬೆಳಗ್ಗೆ ಅಂಗಳಕ್ಕೆ ನೀರು ಹಾಕುವ ಮುಂಚೆ ಅದರಡಿ ಬಗ್ಗಿ ನೋಡಿ. ಆಯಿಲ್ ಕಡ್ಡಿ ಎಳೆದು ನೋಡಿ. ಹಾಡು ನಿಲ್ಲಿಸಿ ಐದು ನಿಮಿಷ ಓಡಿಸಿ. ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ಯಾವತ್ತೂ ಮುಟ್ಟಬೇಡಿ. ಹೊಸ ಸದ್ದೋ ಹನಿಯೋ ಕಂಡರೆ ಗ್ಯಾರೇಜಿಗೆ ತೋರಿಸಿ, ಆಮೇಲೆ ಮಕ್ಕಳನ್ನು ಹತ್ತಿಸಿ. ಬಾಗಿಲು ಒಂದು ಗಳಿಗೆ ಒಣಗಿದ್ದರೆ ಬೀದಿಯವರು ಏನೂ ಅನ್ನುವುದಿಲ್ಲ. ನಾನು ನೋಡಿದ್ದೇನೆ.